ಫೋನಿನ ಈಚೆ ಬದಿ: ದೀರ್ಘಕಾಲದ ಕಾಯಿಲೆಗೆ ಟೆಲಿಹೆಲ್ತ್ ಬಳಸುವ ಸಮಗ್ರ ಮಾರ್ಗದರ್ಶಿ

ತೆರೆಯ ಮೇಲೆ ಡಾಕ್ಟರ ಮುಖ. ಈಚೆ ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜ, ಪಕ್ಕದಲ್ಲಿ ಫೋನ್ ಹಿಡಿದು ಕೂತ ನಾನು.

"ಹೇಗಿದೀರಿ?"
"ಚೆನ್ನಾಗಿದೀನಿ ಸಾರ್."
"ಬಿ.ಪಿ. ಎಷ್ಟಿದೆ?"
"ನಾರ್ಮಲ್ಲೇ ಇರ್ಬೇಕು ಸಾರ್."
"ಮಾತ್ರೆ ತಗೋತಿದೀರಲ್ಲ?"
"ಹ್ಞೂಂ, ಆ ಬಿಳೀದು. ಸಣ್ಣದು."

ಬಿಳಿ ಬಣ್ಣದ ಸಣ್ಣ ಮಾತ್ರೆ ಎಷ್ಟು ನೂರು ಬಗೆ ಇವೆಯೋ ದೇವರಿಗೇ ಗೊತ್ತು. ನಾಲ್ಕು ನಿಮಿಷದಲ್ಲಿ ಮಾತು ಮುಗಿಯಿತು. ಹಳೇ ಮಾತ್ರೆಯನ್ನೇ ಮುಂದುವರಿಸಿ ಅಂದರು ಡಾಕ್ಟರು. ಬೇರೆ ಏನಾದರೂ ಹೇಳೋಣವೆಂದರೆ ಅವರ ಕೈಯಲ್ಲಿ ಏನಿತ್ತು?

ಮುಂದಿನ ಸಲ ಅದೇ ಅಜ್ಜ ಮೊಮ್ಮಗಳ ಹಳೇ ನೋಟ್‌ಬುಕ್ ಹಿಡಿದು ಬಂದರು. ಏಳು ದಿನದ ರೀಡಿಂಗುಗಳು, ಪೆನ್ಸಿಲ್ಲಿನಲ್ಲಿ. ಬೆಳಗಿನವೆಲ್ಲ 150ರ ಮೇಲೆ, ಸಂಜೆಯವು 130ರ ಹತ್ತಿರ. ಡಾಕ್ಟರು ಪುಟವನ್ನು ಕ್ಯಾಮೆರಾಕ್ಕೆ ಹತ್ತಿರ ಹಿಡಿಸಿ ನೋಡಿದರು, ಮಾತ್ರೆ ಎಷ್ಟು ಗಂಟೆಗೆ ನುಂಗುತ್ತೀರಿ ಎಂದು ಕೇಳಿದರು, ಒಂದನ್ನು ಬದಲಿಸಿದರು. ಹಿಂದಿನ ಸಲದ ಫೋನೇ, ಅದೇ ಕುಂಟು ನೆಟ್‌ವರ್ಕ್, ಅದೇ ಡಾಕ್ಟರು. ನೋಟ್‌ಬುಕ್ ಒಂದೇ ಹೊಸದು.

ಹೀಗೆ ಫೋನಿನಲ್ಲೋ ವಿಡಿಯೊದಲ್ಲೋ ದೂರದ ಡಾಕ್ಟರಿಂದ ಚಿಕಿತ್ಸೆ ಪಡೆಯುವುದೇ ಟೆಲಿಹೆಲ್ತ್. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿ ಇಂಥ ಕರೆಗಳಲ್ಲಿ ರೋಗಿಯ ಪಕ್ಕ ಕೂತು ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಯಾವ ಆ್ಯಪ್ ಒಳ್ಳೆಯದು ಎಂಬ ಚರ್ಚೆ ಇಲ್ಲಿಲ್ಲ. ಕರೆ ಹತ್ತು ನಿಮಿಷದ್ದು. ಬಿ.ಪಿ., ಶುಗರ್, ಆಸ್ತಮಾ, ಹೃದಯದ ದೌರ್ಬಲ್ಯ ಇವೆಲ್ಲ ವರ್ಷವಿಡೀ ಜೊತೆಗಿರುವ ಕಾಯಿಲೆಗಳು. ಹಾಗಾಗಿ ಒಂದು ಕರೆಗೂ ಇನ್ನೊಂದು ಕರೆಗೂ ನಡುವಿನ ದಿನಗಳಲ್ಲಿ ಏನು ಮಾಡಬೇಕು ಎಂಬುದಕ್ಕೇ ಇಲ್ಲಿ ಹೆಚ್ಚು ಜಾಗ.

ಯಂತ್ರ ಇದ್ದರೆ ಸಾಕೇ?

ಇದಕ್ಕೆ ಉತ್ತರ ಎರಡು ದೊಡ್ಡ ಅಧ್ಯಯನಗಳಲ್ಲಿದೆ. 2010ರಲ್ಲಿ ಅಮೆರಿಕದಲ್ಲಿ ಹೃದಯ ದುರ್ಬಲವಾಗಿದ್ದ 1,653 ಜನರ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶ ಪ್ರಕಟವಾಯಿತು. ಅರ್ಧದಷ್ಟು ರೋಗಿಗಳು ದಿನವೂ ಒಂದು ನಂಬರಿಗೆ ಫೋನ್ ಮಾಡಿ, ಧ್ವನಿಮುದ್ರಿತ ಪ್ರಶ್ನೆಗಳಿಗೆ ಗುಂಡಿ ಒತ್ತಿ ತಮ್ಮ ತೂಕ, ಲಕ್ಷಣಗಳನ್ನು ತಿಳಿಸಬೇಕಿತ್ತು. ಆರು ತಿಂಗಳ ಬಳಿಕ ನೋಡಿದರೆ, ಆಸ್ಪತ್ರೆಗೆ ಮರಳಿ ಸೇರಿದವರ ಮತ್ತು ತೀರಿಹೋದವರ ಲೆಕ್ಕ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಫೋನ್ ಮಾಡಬೇಕಿದ್ದವರಲ್ಲಿ 14% ಜನ ಒಮ್ಮೆಯೂ ಮಾಡಿರಲಿಲ್ಲ.

2018ರಲ್ಲಿ ಜರ್ಮನಿಯಿಂದ ಬಂದ ಫಲಿತಾಂಶ ಬೇರೆಯೇ ಇತ್ತು. ಅಲ್ಲಿಯೂ ಹೃದಯ ದೌರ್ಬಲ್ಯದವರೇ, 1,571 ಜನ. ತೂಕ, ಬಿ.ಪಿ., ಇ.ಸಿ.ಜಿ., ಆಮ್ಲಜನಕದ ಮಟ್ಟ ದಿನವೂ ಒಂದು ಕೇಂದ್ರಕ್ಕೆ ಹೋಗುತ್ತಿತ್ತು. ಆ ಕೇಂದ್ರದಲ್ಲಿ ಹಗಲೂ ರಾತ್ರಿ ಡಾಕ್ಟರು, ನರ್ಸುಗಳು ಇರುತ್ತಿದ್ದರು. ಸಂಖ್ಯೆ ಏರುಪೇರಾದರೆ ಅವರೇ ಫೋನ್ ಮಾಡುತ್ತಿದ್ದರು, ಮಾತ್ರೆ ಬದಲಿಸುತ್ತಿದ್ದರು. ಹೃದಯದ ಕಾರಣಕ್ಕೆ ಅನಿರೀಕ್ಷಿತವಾಗಿ ಆಸ್ಪತ್ರೆ ಸೇರಿ ಅಥವಾ ಸಾವಿನಿಂದ ಕಳೆದುಹೋದ ದಿನಗಳು ವರ್ಷಕ್ಕೆ 24.2ರಿಂದ 17.8ಕ್ಕೆ ಇಳಿದವು, ಸಾವುಗಳೂ ಕಡಿಮೆಯಾದವು.

ಮೊದಲನೆಯದರಲ್ಲಿ ರೋಗಿ ಯಂತ್ರದ ಜೊತೆ ಮಾತಾಡಿದ. ಎರಡನೆಯದರಲ್ಲಿ ಆಚೆ ಕಡೆ ಸಂಖ್ಯೆ ನೋಡಿ ಕೂಡಲೇ ಏಳುವ ಮನುಷ್ಯರಿದ್ದರು. ರೋಗಿಗಳ ಆಯ್ಕೆಯಲ್ಲೂ ವ್ಯತ್ಯಾಸವಿತ್ತು, ನಿಜ. ಆದರೂ ಯಾವುದೇ ಸೇವೆಗೆ ಸೇರುವ ಮೊದಲು ನಾನು ಕೇಳಿಸುವ ಮೊದಲ ಪ್ರಶ್ನೆ ಇದೇ: ನಾನು ಕಳಿಸಿದ ಸಂಖ್ಯೆಯನ್ನು ಯಾರು ನೋಡುತ್ತಾರೆ, ಎಷ್ಟು ಹೊತ್ತಿನೊಳಗೆ? ಉತ್ತರ ತೊದಲಿದರೆ ಆ ಸೇವೆಯ ಮೇಲೆ ಹೆಚ್ಚು ಭಾರ ಹಾಕಬೇಡಿ.

ಹೆಜ್ಜೆ 1: ಫೋನಿಗೆ ಸಲ್ಲುವುದು, ಸಲ್ಲದ್ದು

ಕಾಯಿಲೆ ಯಾವುದೆಂದು ಮೊದಲ ಸಲ ಪತ್ತೆ ಹಚ್ಚುವುದು ಸಾಧ್ಯವಾದಷ್ಟು ಎದುರುಬದುರು ಆಗಲಿ. ಡಾಕ್ಟರು ಒಮ್ಮೆ ಎದೆಗೆ ಸ್ಟೆತಸ್ಕೋಪ್ ಇಟ್ಟು, ಹೊಟ್ಟೆ ಒತ್ತಿ, ಕಾಲು ನೋಡಿದ್ದರೆ ಮುಂದಿನ ಎಷ್ಟೋ ಕರೆಗಳಿಗೆ ಅದು ಬುನಾದಿ. ಅಲ್ಲಿಂದಾಚೆಗೆ ಔಷಧದ ಪ್ರಮಾಣ ಹೆಚ್ಚುಕಡಿಮೆ ಮಾಡುವುದು, ರಿಪೋರ್ಟ್ ತೋರಿಸುವುದು, ಅಡ್ಡಪರಿಣಾಮ ಹೇಳಿಕೊಳ್ಳುವುದು, ಆಹಾರ ವ್ಯಾಯಾಮದ ಸಲಹೆ, ಮನಸ್ಸಿನ ಬೇಗುದಿ ಇವೆಲ್ಲ ಫೋನಿಗೆ ಚೆನ್ನಾಗಿ ಒಗ್ಗುತ್ತವೆ.

ಇವು ಒಗ್ಗುವುದಿಲ್ಲ: ಎದೆನೋವು ಅಥವಾ ಎದೆ ಬಿಗಿತ, ಮುಖ ಒಂದು ಕಡೆ ಸೊಟ್ಟಗಾಗುವುದು, ಕೈ ಎತ್ತಲಾಗದಿರುವುದು, ಮಾತು ತೊದಲುವುದು, ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ಎಚ್ಚರ ತಪ್ಪುವುದು, ಫಿಟ್ಸ್, ಬಿ.ಪಿ. 180/120 ದಾಟಿ ಜೊತೆಗೆ ತಲೆನೋವು, ಕಣ್ಣು ಮಂಜು, ಎದೆನೋವು ಇರುವುದು. ಇಂಥ ಹೊತ್ತಿನಲ್ಲಿ ವಿಡಿಯೊ ಲಿಂಕ್ ಹುಡುಕುತ್ತಾ ಕೂರಬಾರದು, ನೇರ ಆಂಬುಲೆನ್ಸ್. ಪಾರ್ಶ್ವವಾಯುವಿನಲ್ಲಿ ಮೆದುಳಿನ ರಕ್ತನಾಳಕ್ಕೆ ಅಡ್ಡವಾದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮೊದಲ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೂರದ ಊರಿನವರಿಗೆ ಅದರಲ್ಲಿ ಬಹುಪಾಲು ದಾರಿಯಲ್ಲೇ ಕಳೆಯುತ್ತದೆ. ಆಂಬುಲೆನ್ಸ್ ನಂಬರ್, ಅಂಥ ಚಿಕಿತ್ಸೆ ಇರುವ ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ವಾಹನ ಕೊಡುವವರು ಯಾರು, ಈ ಮೂರನ್ನೂ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ಫೋನಿನೊಳಗೆ ಬರೆದಿಟ್ಟರೆ ಗಾಬರಿಯಲ್ಲಿ ಸಿಗುವುದಿಲ್ಲ.

ಹೆಜ್ಜೆ 2: ನಿಮ್ಮ ಕಾಯಿಲೆಗೆ ಬೇಕಾದಷ್ಟೇ ಸಾಮಾನು

ಎಲ್ಲ ಯಂತ್ರ ಎಲ್ಲರಿಗೂ ಬೇಡ. ಬಿ.ಪಿ. ಇದ್ದವರಿಗೆ ತೋಳಿಗೆ ಸುತ್ತುವ ಡಿಜಿಟಲ್ ಯಂತ್ರ, ಶುಗರ್ ಇದ್ದವರಿಗೆ ಗ್ಲೂಕೋಮೀಟರ್, ಹೃದಯ ದುರ್ಬಲವಾದವರಿಗೆ ತೂಕದ ಯಂತ್ರ, ಆಸ್ತಮಾದವರಿಗೆ ಜೋರಾಗಿ ಊದಿ ಉಸಿರಿನ ವೇಗ ಅಳೆಯುವ ಪೀಕ್ ಫ್ಲೋ ಮೀಟರ್. ಶ್ವಾಸಕೋಶದ ಹಳೇ ಕಾಯಿಲೆ ಇದ್ದು ಡಾಕ್ಟರು ಹೇಳಿದ್ದರೆ ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್. ಮಣಿಕಟ್ಟಿನ ಬಿ.ಪಿ. ಯಂತ್ರ ಕೈಯ ಎತ್ತರ ಸ್ವಲ್ಪ ಬದಲಾದರೂ ಬೇರೆ ಸಂಖ್ಯೆ ತೋರಿಸುತ್ತದೆ, ತೋಳಿನದ್ದೇ ವಾಸಿ.

ಬಿ.ಪಿ. ಯಂತ್ರ ಕೊಳ್ಳುವಾಗ ಜನ ಬ್ರ್ಯಾಂಡ್ ನೋಡುತ್ತಾರೆ, ತೋಳಿಗೆ ಸುತ್ತುವ ಪಟ್ಟಿಯ ಅಳತೆ ನೋಡುವುದಿಲ್ಲ. ಭುಜಕ್ಕೂ ಮೊಣಕೈಗೂ ನಡುವೆ ತೋಳಿನ ಸುತ್ತಳತೆಯನ್ನು ಟೇಪಿನಲ್ಲಿ ಅಳೆದುಕೊಂಡೇ ಅಂಗಡಿಗೆ ಹೋಗಿ. ಎಷ್ಟು ಸೆಂಟಿಮೀಟರಿನಿಂದ ಎಷ್ಟರವರೆಗೆ ಎಂಬುದು ಪಟ್ಟಿಯ ಮೇಲೆ ಅಚ್ಚಾಗಿರುತ್ತದೆ. 2023ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಅತಿ ದೊಡ್ಡ ಪಟ್ಟಿ ಬೇಕಾಗಿದ್ದವರಿಗೆ ಸಾಮಾನ್ಯ ಅಳತೆಯದ್ದನ್ನು ಕಟ್ಟಿ ನೋಡಿದಾಗ ಬಿ.ಪಿ.ಯ ಮೇಲಿನ ಸಂಖ್ಯೆ (120/80 ಎಂದರೆ ಅದರಲ್ಲಿನ 120) ಸರಾಸರಿ 19.5ರಷ್ಟು ಹೆಚ್ಚು ಬಂತು. ಇಲ್ಲದ ಬಿ.ಪಿ.ಗೆ ಮಾತ್ರೆ ನುಂಗಿಸಲು ಅಷ್ಟು ಸಾಕು.

ಆಕ್ಸಿಮೀಟರಿನ ಬಗ್ಗೆ ಒಂದು ಎಚ್ಚರಿಕೆ. ಅದು 90 ತೋರಿಸಿದರೆ ರಕ್ತದಲ್ಲಿನ ನಿಜವಾದ ಮಟ್ಟ 86ರಿಂದ 94ರ ನಡುವೆ ಎಲ್ಲಾದರೂ ಇರಬಹುದು. ಕಪ್ಪು ಮೈಬಣ್ಣದವರಲ್ಲಿ ಅದು ಇರುವುದಕ್ಕಿಂತ ಚೆನ್ನಾಗಿದೆ ಎಂದು ತೋರಿಸುವ ಸಾಧ್ಯತೆ ಹೆಚ್ಚು ಎಂದು 2020ರ ಅಧ್ಯಯನವೊಂದು ತೋರಿಸಿತು. ತಣ್ಣಗಿನ ಬೆರಳು, ಉಗುರು ಬಣ್ಣ ಕೂಡ ಲೆಕ್ಕ ಕೆಡಿಸುತ್ತವೆ. ಅದರಲ್ಲಿ 95 ಬಂತು, ಹಾಗಾಗಿ ಏದುಸಿರು ಬರೀ ಭ್ರಮೆ ಎಂದುಕೊಳ್ಳಬೇಡಿ. ಎಂದಿನ ಸಂಖ್ಯೆಗಿಂತ ಎಷ್ಟು ಇಳಿದಿದೆ ಎಂಬುದನ್ನು ನೋಡಿ, ಅದರ ಜೊತೆಗೆ ಮನುಷ್ಯನನ್ನೂ ನೋಡಿ.

ಹೆಜ್ಜೆ 3: ಅಳೆಯುವ ರೀತಿ

ನಾನು ಹೆಚ್ಚು ಹೊತ್ತು ಕೂತು ಹೇಳಿಕೊಡುವುದು ಈ ಹೆಜ್ಜೆಯನ್ನೇ. ತಪ್ಪು ಸಂಖ್ಯೆ ಕಳಿಸುವುದಕ್ಕಿಂತ ಏನೂ ಕಳಿಸದಿರುವುದು ಎಷ್ಟೋ ಮೇಲು.

ಬಿ.ಪಿ. ನೋಡಿಕೊಳ್ಳುವ ಅರ್ಧ ಗಂಟೆ ಮೊದಲು ಕಾಫಿ, ಟೀ, ಬೀಡಿ, ಸಿಗರೇಟು ಬೇಡ. ಮೂತ್ರಕ್ಕೆ ಹೋಗಿಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂತು, ಎರಡೂ ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ, ಐದು ನಿಮಿಷ ಸುಮ್ಮನಿರಿ. ಸುಮ್ಮನೆ ಎಂದರೆ ಟಿ.ವಿ.ಯೂ ಬೇಡ, ಮಾತೂ ಬೇಡ. ತೋಳನ್ನು ಮೇಜಿನ ಮೇಲೆ ಇಡಿ, ಪಟ್ಟಿ ಎದೆಯ ಮಟ್ಟಕ್ಕೆ ಬರಬೇಕು. ಬಟ್ಟೆಯ ಮೇಲೆ ಕಟ್ಟಬೇಡಿ, ಬರಿ ತೋಳಿಗೆ ಕಟ್ಟಿ. 2024ರ ಪ್ರಯೋಗವೊಂದರಲ್ಲಿ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡವರ ಮೇಲಿನ ಸಂಖ್ಯೆ ಸುಮಾರು 4, ಪಕ್ಕದಲ್ಲಿ ಜೋಲುಬಿಟ್ಟವರದ್ದು ಸುಮಾರು 6.5 ಹೆಚ್ಚು ತೋರಿಸಿತು. ಒಂದು ಅಳತೆ ಮುಗಿದ ನಿಮಿಷಕ್ಕೆ ಇನ್ನೊಂದು. ಎರಡನ್ನೂ ಬರೆಯಿರಿ.

ಡಾಕ್ಟರ ಕರೆಗೆ ಮೊದಲಿನ ಏಳು ದಿನ, ಬೆಳಿಗ್ಗೆ ಎರಡು, ಸಂಜೆ ಎರಡು. ಬೆಳಗಿನದ್ದು ಮಾತ್ರೆಗೆ ಮೊದಲು. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯುವುದು ರೂಢಿ. ಮನೆಯಲ್ಲಿ ನೋಡಿಕೊಂಡಾಗ ಸರಾಸರಿ 135/85 ಅಥವಾ ಮೇಲಿದ್ದರೆ ಅದನ್ನು ಸಾಮಾನ್ಯವಾಗಿ ಹೆಚ್ಚು ಎಂದು ಲೆಕ್ಕ ಹಾಕುತ್ತಾರೆ. ನಿಮ್ಮ ಗುರಿ ಎಷ್ಟು ಎಂಬುದನ್ನು ಡಾಕ್ಟರೇ ಹೇಳಬೇಕು. ವರ್ಷಪೂರ್ತಿ ದಿನವೂ ನೋಡಿಕೊಳ್ಳುವ ಹಟ ಬೇಡ. ಗಂಟೆಗೊಮ್ಮೆ ಪಟ್ಟಿ ಕಟ್ಟಿಕೊಂಡು, ಸಂಖ್ಯೆ ನೋಡಿ ಹೆದರಿ, ಹೆದರಿದ್ದಕ್ಕೇ ಇನ್ನಷ್ಟು ಏರಿಸಿಕೊಂಡವರನ್ನು ನಾನು ಬಹಳ ಕಂಡಿದ್ದೇನೆ.

ಶುಗರ್ ನೋಡುವ ಮೊದಲು ಸೋಪು ಹಾಕಿ ಕೈ ತೊಳೆದು ಒರೆಸಿಕೊಳ್ಳಿ. ಹಣ್ಣು ಮುಟ್ಟಿದ ಬೆರಳಿನ ತುದಿಯಲ್ಲಿ ಉಳಿದ ಸಿಹಿಯನ್ನೂ ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಬೆರಳಿನ ನಟ್ಟನಡುವೆ ಚುಚ್ಚಿದರೆ ನೋವು ಹೆಚ್ಚು, ಪಕ್ಕಕ್ಕೆ ಚುಚ್ಚಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವ ಹಿಡಿದು ಸ್ಟ್ರಿಪ್ ಹಾಳು. ಊಟಕ್ಕೆ ಮೊದಲೋ, ಊಟವಾಗಿ ಎರಡು ಗಂಟೆಯ ಮೇಲೋ ಎಂದು ಬರೆಯದ ಶುಗರ್ ರೀಡಿಂಗಿಗೆ ಬೆಲೆಯಿಲ್ಲ. ಬೆವರು, ನಡುಕ, ತಲೆಸುತ್ತು ಬಂದು ಶುಗರ್ 70ಕ್ಕಿಂತ ಕೆಳಗಿದ್ದರೆ ಅದು ಫೋನ್ ಮಾಡುವ ಹೊತ್ತಲ್ಲ. ಮೊದಲು 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ ಕರಗಿಸಿದ ನೀರು ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ ಕೆಳಗಿದ್ದರೆ ಮತ್ತೆ ಅಷ್ಟೇ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಆಂಬುಲೆನ್ಸ್ ಕರೆಯಿರಿ.

ಹೃದಯ ದುರ್ಬಲವಾದವರು ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿಬಂದು, ತಿಂಡಿಗೆ ಮೊದಲು, ಹೆಚ್ಚುಕಡಿಮೆ ಒಂದೇ ಬಗೆಯ ಬಟ್ಟೆಯಲ್ಲಿ ತೂಕ ನೋಡಬೇಕು. ಮೂರು ದಿನದಲ್ಲಿ 2 ಕಿಲೋಗಿಂತ ಹೆಚ್ಚು ಏರಿದರೆ ಅದು ಕೊಬ್ಬಲ್ಲ, ಮೈಯಲ್ಲಿ ನಿಂತ ನೀರು. ಉಸಿರು ಕಟ್ಟುವವರೆಗೆ ಕಾಯದೆ ಅವತ್ತೇ ಡಾಕ್ಟರಿಗೆ ತಿಳಿಸಿ. ಆಸ್ತಮಾದವರು ಪೀಕ್ ಫ್ಲೋ ಮೀಟರನ್ನು ಮೂರು ಸಲ ಊದಿ, ಅತಿ ಹೆಚ್ಚಿನದ್ದನ್ನು ಬರೆಯಿರಿ. ಚೆನ್ನಾಗಿದ್ದಾಗಿನ ನಿಮ್ಮದೇ ದಾಖಲೆಯ 80% ದಾಟಿದರೆ ನಿಶ್ಚಿಂತೆ, 50ರಿಂದ 80ರ ನಡುವೆ ಬಂದರೆ ಡಾಕ್ಟರು ಬರೆದುಕೊಟ್ಟ ಯೋಜನೆಯಂತೆ ನಡೆಯಿರಿ, 50ಕ್ಕಿಂತ ಕೆಳಗೆ ತುರ್ತು.

ಹೆಜ್ಜೆ 4: ಬರೆಯಿರಿ, ಕಳಿಸಿ

ಬ್ಲೂಟೂತ್ ಯಂತ್ರ ತಾನೇ ಸಂಖ್ಯೆ ಕಳಿಸುತ್ತದೆ, ಒಳ್ಳೆಯದೇ. ಇಲ್ಲದಿದ್ದರೆ ಕೊರಗಬೇಡಿ. ಬ್ರಿಟನ್ನಿನಲ್ಲಿ 1,182 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಗುಂಪು ಮನೆಯಲ್ಲಿ ಬಿ.ಪಿ. ನೋಡಿ ಕಾಗದದಲ್ಲಿ ಬರೆದು ಕಳಿಸಿತು, ಇನ್ನೊಂದು ಫೋನಿನ ಮೆಸೇಜಿನಲ್ಲಿ, ಮೂರನೆಯದು ಎಂದಿನಂತೆ ಕ್ಲಿನಿಕ್ಕಿಗೆ ಹೋಗುತ್ತಿತ್ತು. ವರ್ಷದ ಕೊನೆಗೆ ಮೇಲಿನ ಸಂಖ್ಯೆಯ ಸರಾಸರಿ ಕ್ರಮವಾಗಿ 137, 136, 140.4. ಕಾಗದಕ್ಕೂ ಫೋನಿಗೂ ನಡುವೆ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಎರಡೂ ಗುಂಪಿನಲ್ಲಿ ಆ ಸಂಖ್ಯೆಗಳನ್ನು ನೋಡಿಯೇ ಡಾಕ್ಟರು ಔಷಧ ಸರಿಪಡಿಸುತ್ತಿದ್ದರು.

ನೋಟ್‌ಬುಕ್ಕಿನ ಒಂದು ಸಾಲು ಹೀಗಿದ್ದರೆ ಸಾಕು:

"ಮಂಗಳವಾರ, ಬೆಳಿಗ್ಗೆ 6:40. 148/88, 144/86. ನಾಡಿ 76. ಮಾತ್ರೆಗೆ ಮೊದಲು. ರಾತ್ರಿ ನಿದ್ದೆ ಸರಿಯಿರಲಿಲ್ಲ."

148ನ್ನು 150 ಎಂದೋ 140 ಎಂದೋ ದುಂಡಗೆ ಮಾಡಬೇಡಿ. ಮಾತ್ರೆ ಮರೆತ ದಿನವನ್ನು ಮುಚ್ಚಿಡಬೇಡಿ. ಮರೆತದ್ದು ಗೊತ್ತಾಗದೆ ಡಾಕ್ಟರು ಪ್ರಮಾಣ ಏರಿಸಿದರೆ, ಎಲ್ಲ ಮಾತ್ರೆಯನ್ನೂ ಸರಿಯಾಗಿ ನುಂಗಿದ ದಿನ ತಲೆ ತಿರುಗಿ ಬೀಳುವವರು ನೀವೇ. ಫೋಟೊ ಕಳಿಸುವಾಗ ಪುಟವನ್ನು ಕಿಟಕಿಯ ಬೆಳಕಿನಲ್ಲಿ ಚಪ್ಪಟೆಯಾಗಿ ಇಟ್ಟು ನೇರ ಮೇಲಿನಿಂದ ತೆಗೆಯಿರಿ.

ಹೆಜ್ಜೆ 5: ಕರೆಗೆ ಮೊದಲು, ಮಾತ್ರೆಗಳಿಗೆ ನಂಬರು

ಆಸ್ಟ್ರೇಲಿಯಾದ ಒಳನಾಡಿನಲ್ಲಿ ಮನೆಯಿಂದ ಮನೆಗೆ ನೂರಾರು ಕಿಲೋಮೀಟರ್. ಅಲ್ಲಿ 1928ರಲ್ಲಿ ವಿಮಾನದಲ್ಲಿ ಬರುವ ಡಾಕ್ಟರ ಸೇವೆ ಆರಂಭವಾಯಿತು. ಮರುವರ್ಷ ಆಲ್ಫ್ರೆಡ್ ಟ್ರೇಗರ್ ಎಂಬ ಎಂಜಿನಿಯರ್ ತುಳಿದು ವಿದ್ಯುತ್ ಹುಟ್ಟಿಸುವ ಪೆಡಲ್ ರೇಡಿಯೊ ಸಿದ್ಧಪಡಿಸಿದ. ಕರೆಂಟಿಲ್ಲದ ಮನೆಯಿಂದಲೂ ಡಾಕ್ಟರನ್ನು ಕೂಗಬಹುದಾಯಿತು. ಆದರೆ ಕರಕರ ಎನ್ನುವ ರೇಡಿಯೊದಲ್ಲಿ ಔಷಧದ ಉದ್ದುದ್ದ ಹೆಸರು ಕೇಳಿಸಬೇಕಲ್ಲ? 1942ರಿಂದ ಆ ಮನೆಗಳಿಗೆ ಒಂದೇ ಬಗೆಯ ಔಷಧ ಪೆಟ್ಟಿಗೆ ಕೊಟ್ಟರು. ಒಳಗಿನ ಒಂದೊಂದು ಸೀಸೆಗೂ ಒಂದೊಂದು ನಂಬರು. ಡಾಕ್ಟರು ಇಂಥ ನಂಬರಿನದ್ದು ಇಷ್ಟು ಎಂದರೆ ಮುಗಿಯಿತು.

ಈ ಉಪಾಯವನ್ನು ನಾನು ಹಾಗೆಯೇ ಎತ್ತಿಕೊಂಡಿದ್ದೇನೆ. ಮನೆಯಲ್ಲಿರುವ ಮಾತ್ರೆಗಳ ಪಟ್ಟಿಗಳನ್ನೆಲ್ಲ (ಸ್ಟ್ರಿಪ್) ಚಾಪೆಯ ಮೇಲೆ ಹರಡಿ. ಒಂದೊಂದರ ಹಿಂಬದಿಗೂ ಪೆನ್ನಿನಲ್ಲಿ 1, 2, 3 ಎಂದು ಬರೆಯಿರಿ. ಹೆಸರು, ಮಿಲಿಗ್ರಾಂ, ಎಷ್ಟು ಹೊತ್ತಿಗೆ ನುಂಗುತ್ತೀರಿ ಎಂದು ನಂಬರಿನ ಪ್ರಕಾರ ಒಂದು ಹಾಳೆಯಲ್ಲಿ ಬರೆದು, ಫೋಟೊವನ್ನು ಮೊದಲೇ ಡಾಕ್ಟರಿಗೆ ಕಳಿಸಿ. ಪಕ್ಕದ ಮನೆಯವರು ಕೊಟ್ಟ ನೋವಿನ ಮಾತ್ರೆ, ಗಿಡಮೂಲಿಕೆ ಪುಡಿ, ಟಾನಿಕ್ಕು ಎಲ್ಲವೂ ಆ ಹಾಳೆಗೆ ಸೇರಬೇಕು. ನೋವಿನ ಮಾತ್ರೆಗಳಲ್ಲಿ ಕೆಲವು ಬಿ.ಪಿ. ಏರಿಸುತ್ತವೆ, ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. "ನಂಬರ್ 3 ನಿಲ್ಲಿಸಿ, ನಂಬರ್ 1 ಅರ್ಧ ಮಾಡಿ" ಎಂದರೆ ಓದು ಬಾರದವರಿಗೂ ತಪ್ಪುವುದಿಲ್ಲ. ಹೊಸ ಮಾತ್ರೆ ಪಟ್ಟಿ ತಂದಾಗ ಹಳೆಯದರ ಪಕ್ಕ ಇಟ್ಟು, ಹೆಸರೂ ಮಿಲಿಗ್ರಾಂ ಕೂಡ ಒಂದೇ ಎಂದು ಖಾತ್ರಿಯಾದ ಮೇಲೆ ನಂಬರು ಹಾಕುವುದನ್ನು ಮಾತ್ರ ಮರೆಯಬೇಡಿ.

ಉಳಿದದ್ದು ಸಣ್ಣಪುಟ್ಟದ್ದು. ಫೋನ್ ಚಾರ್ಜ್ ಆಗಿರಲಿ, ಬೆಳಕು ಮುಖದ ಎದುರಿನಿಂದ ಬರಲಿ, ಬೆನ್ನ ಹಿಂದೆ ಕಿಟಕಿ ಬೇಡ. ಫೋನನ್ನು ಕೈಯಲ್ಲಿ ಹಿಡಿಯುವ ಬದಲು ಚೊಂಬಿಗೋ ಪುಸ್ತಕಕ್ಕೋ ಆನಿಸಿ. ಕೇಳಬೇಕಾದ ಪ್ರಶ್ನೆ ಮೂರಿದ್ದರೆ ಮೂರನ್ನೂ ಬರೆದುಕೊಳ್ಳಿ, ಮುಖ್ಯವಾದದ್ದು ಮೊದಲು. ಕರೆ ಮುಗಿಯುವ ಹೊತ್ತಿಗೆ "ಅಂದಹಾಗೆ ಸಾರ್, ಎದೆ ಸ್ವಲ್ಪ ಹಿಡ್ಕೊಂಡಂಗೆ ಆಗುತ್ತೆ" ಎನ್ನುವವರು ಇದ್ದೇ ಇರುತ್ತಾರೆ.

ಹೆಜ್ಜೆ 6: ಕರೆಯ ಹೊತ್ತಿನಲ್ಲಿ ನಿಮ್ಮ ಕೈ ಡಾಕ್ಟರ ಕೈ

ಡಾಕ್ಟರು ಮುಟ್ಟಲಾರರು, ಪಕ್ಕದಲ್ಲಿದ್ದವರು ಮುಟ್ಟಬಹುದು. ಮೊಣಕಾಲಿನ ಕೆಳಗೆ, ಮುಂಭಾಗದ ಎಲುಬಿನ ಮೇಲೆ ಹೆಬ್ಬೆರಳಿನಿಂದ ಹತ್ತು ಸೆಕೆಂಡ್ ಒತ್ತಿ ಬಿಡಿ. ಗುಂಡಿ ಬಿದ್ದು ಹಾಗೇ ಉಳಿದರೆ ಅದು ಬಾವು, ಕ್ಯಾಮೆರಾಕ್ಕೆ ತೋರಿಸಿ. ಶುಗರ್ ಇದ್ದವರ ಪಾದವನ್ನು ಬೆರಳ ಸಂದಿಯಿಂದ ಹಿಮ್ಮಡಿಯವರೆಗೆ ತೋರಿಸಿ. ಗಾಯವಿದ್ದರೆ ಪಕ್ಕದಲ್ಲೊಂದು ಸ್ಕೇಲು ಇಟ್ಟು ಫೋಟೊ ತೆಗೆದರೆ ವಾರದಿಂದ ವಾರಕ್ಕೆ ಹೋಲಿಸಬಹುದು. ಉಸಿರಾಟ ಎಣಿಸಬೇಕಾದರೆ ರೋಗಿಗೆ ಹೇಳದೆ ಒಂದು ನಿಮಿಷ ಎದೆಯ ಏರಿಳಿತ ಎಣಿಸಿ. ಹೇಳಿದರೆ ಅವರು ಉಸಿರಾಡುವ ರೀತಿಯೇ ಬದಲಾಗುತ್ತದೆ. ಇನ್‌ಹೇಲರ್ ಬಳಸುವವರು ಅದನ್ನು ಡಾಕ್ಟರ ಕಣ್ಣೆದುರೇ ಬಳಸಿ ತೋರಿಸಲಿ. ವರ್ಷಗಟ್ಟಲೆ ಬಳಸಿದವರೂ ತಪ್ಪಾಗಿ ಎಳೆಯುವುದು ಆಗ ಬಯಲಾಗುತ್ತದೆ.

ಕೊನೆಯಲ್ಲಿ, ಡಾಕ್ಟರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಅವರಿಗೇ ತಿರುಗಿ ಹೇಳಿ. "ಅಂದರೆ ನಂಬರ್ 2 ರಾತ್ರಿಗೆ, ಎರಡು ವಾರ ಬಿಟ್ಟು ರಕ್ತ ಪರೀಕ್ಷೆ, ಕಾಲು ಬಾವು ಹೆಚ್ಚಾದರೆ ಅವತ್ತೇ ಫೋನ್, ಹೌದಲ್ಲ?" ನೆಟ್‌ವರ್ಕ್ ನುಂಗಿದ ಒಂದು "ಬೇಡ" ಇಲ್ಲಿ ಸಿಕ್ಕಿಬೀಳುತ್ತದೆ. ಇನ್ನೂ ಎರಡು ಕೇಳಿಕೊಳ್ಳಿ: ಯಾವ ಸಂಖ್ಯೆ ದಾಟಿದರೆ ನಾನು ಫೋನ್ ಮಾಡಬೇಕು, ಯಾವ ಸಂಖ್ಯೆ ದಾಟಿದರೆ ಫೋನ್ ಬಿಟ್ಟು ನೇರ ಆಸ್ಪತ್ರೆಗೆ ಹೊರಡಬೇಕು? ಆ ಎರಡು ಸಂಖ್ಯೆಗಳು ನೋಟ್‌ಬುಕ್ಕಿನ ಮೊದಲ ಪುಟದಲ್ಲಿರಲಿ.

ನೆಟ್‌ವರ್ಕ್ ಸಿಗದ ಕಡೆ

ವಿಡಿಯೊ ಇಲ್ಲದಿದ್ದರೆ ಟೆಲಿಹೆಲ್ತ್ ಇಲ್ಲ ಎಂದುಕೊಳ್ಳಬೇಡಿ. 1905ರಲ್ಲೇ ನೆದರ್‌ಲ್ಯಾಂಡ್ಸಿನ ವಿಲೆಮ್ ಐಂಥೋವನ್ ಆಸ್ಪತ್ರೆಯ ರೋಗಿಯ ಹೃದಯದ ಸಂಕೇತವನ್ನು ಟೆಲಿಫೋನ್ ತಂತಿಯ ಮೂಲಕ ಒಂದೂವರೆ ಕಿಲೋಮೀಟರ್ ಆಚೆಯ ತನ್ನ ಪ್ರಯೋಗಾಲಯಕ್ಕೆ ತರಿಸಿಕೊಂಡು ಇ.ಸಿ.ಜಿ. ದಾಖಲಿಸಿದ್ದ. ಹಳೇ ರೋಗಿ, ಗೊತ್ತಿರುವ ಡಾಕ್ಟರು, ಕೈಯಲ್ಲಿ ನೋಟ್‌ಬುಕ್ ಇದ್ದರೆ ಬರೀ ದನಿಯ ಕರೆಯಲ್ಲೇ ಬಿ.ಪಿ., ಶುಗರಿನ ಬಹುಪಾಲು ಕೆಲಸ ಮುಗಿಯುತ್ತದೆ.

ಇನ್ನೊಂದು ದಾರಿ, ಕಳಿಸಿಟ್ಟು ಉತ್ತರಕ್ಕೆ ಕಾಯುವುದು. ಚರ್ಮದ ಫೋಟೊ, ಗಾಯದ ಫೋಟೊ, ಇ.ಸಿ.ಜಿ., ಕಣ್ಣಿನ ಒಳಪದರದ ಚಿತ್ರ ಇವನ್ನು ಸಿಗ್ನಲ್ ಸಿಕ್ಕ ಜಾಗದಿಂದ ಕಳಿಸಿದರೆ, ತಜ್ಞರು ಬಿಡುವಾದಾಗ ನೋಡಿ ಉತ್ತರಿಸುತ್ತಾರೆ. ಇಬ್ಬರೂ ಒಂದೇ ಹೊತ್ತಿಗೆ ಫೋನಿನ ಮುಂದೆ ಇರಬೇಕೆಂದಿಲ್ಲ. ಕರೆ ನಡುವೆ ಕಡಿದರೆ ಯಾರು ಯಾರಿಗೆ ಮರಳಿ ಮಾಡಬೇಕು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಇಬ್ಬರೂ ಒಟ್ಟಿಗೆ ಮಾಡುತ್ತಾ ಕೂತರೆ ಎರಡೂ ಕಡೆ ಎಂಗೇಜ್.

ಊರಿಗೊಂದು ಟೆಲಿಹೆಲ್ತ್ ಮೂಲೆ ಕಟ್ಟುವವರಿಗೆ

ಪಂಚಾಯಿತಿಯವರು, ಸಂಘದವರು, ಆರೋಗ್ಯ ಕಾರ್ಯಕರ್ತರು ಕೇಳಿಸಿಕೊಳ್ಳಬೇಕಾದ ಮಾತಿದು. ದೊಡ್ಡ ಪರದೆ ತಂದು, ಟೇಪು ಕತ್ತರಿಸಿ, ಆರು ತಿಂಗಳಿಗೆ ಅದರ ಮೇಲೆ ಬಟ್ಟೆ ಹೊದಿಸಿದ ಕೋಣೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲಿ ಪರದೆ ಇತ್ತು, ಪಕ್ಕದಲ್ಲಿ ಕೂರುವವರಿರಲಿಲ್ಲ.

ಮೊದಲು ಒಬ್ಬ ವ್ಯಕ್ತಿಯನ್ನು ಹುಡುಕಿ. ನರ್ಸ್, ಆರೋಗ್ಯ ಕಾರ್ಯಕರ್ತೆ, ಔಷಧ ಅಂಗಡಿಯ ಫಾರ್ಮಸಿಸ್ಟ್, ಯಾರಾದರೂ ಸರಿ. ಬಿ.ಪಿ. ನೋಡಲು, ಕಾಲು ಒತ್ತಲು, ಡಾಕ್ಟರ ಮಾತನ್ನು ಮನೆಮಾತಿನಲ್ಲಿ ಹೇಳಲು ಬರಬೇಕು. ಫಾರ್ಮಸಿಸ್ಟ್ ಎಂದದ್ದು ಸುಮ್ಮನೆ ಅಲ್ಲ. ಅಮೆರಿಕದ ಮಿನೆಸೋಟದಲ್ಲಿ 450 ಬಿ.ಪಿ. ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮನೆಯಿಂದ ಬಂದ ರೀಡಿಂಗ್ ನೋಡಿ ಫಾರ್ಮಸಿಸ್ಟರೇ ಫೋನಿನಲ್ಲಿ ಔಷಧ ಸರಿಪಡಿಸುತ್ತಿದ್ದರು. ಆರು ಮತ್ತು ಹನ್ನೆರಡು ತಿಂಗಳು, ಎರಡೂ ಹೊತ್ತಿನಲ್ಲಿ ಬಿ.ಪಿ. ಹತೋಟಿಯಲ್ಲಿದ್ದವರು 57.2%, ಎಂದಿನ ಚಿಕಿತ್ಸೆಯವರಲ್ಲಿ 30%. ಔಷಧ ಬದಲಿಸುವ ಅಧಿಕಾರ ಯಾರಿಗಿದೆ ಎಂಬುದು ಒಂದೊಂದು ದೇಶದಲ್ಲಿ ಒಂದೊಂದು ಥರ; ಆದರೆ ರೀಡಿಂಗ್ ನೋಡಿ ಡಾಕ್ಟರಿಗೆ ಮುಟ್ಟಿಸುವುದಕ್ಕೆ ಎಲ್ಲಿಯೂ ಅಡ್ಡಿಯಿರಲಾರದು.

ಆಮೇಲೆ ಒಂದೇ ಕಾಯಿಲೆಯಿಂದ ಆರಂಭಿಸಿ. ಬಿ.ಪಿ. ಸುಲಭ. ಊರಿನಲ್ಲಿ ಯಾರಿಗೆಲ್ಲ ಇದೆ, ಯಾರು ಕೊನೆಯ ಸಲ ಯಾವಾಗ ಬಂದಿದ್ದರು ಎಂದು ಒಂದು ರಿಜಿಸ್ಟರ್ ಮಾಡಿ. ಕರೆಗೆ ಬಂದವರಿಗಿಂತ ಬಾರದವರ ಹೆಸರೇ ಅದರಲ್ಲಿ ಮುಖ್ಯ. ತಿಂಗಳಿಗೊಮ್ಮೆ ಅವರ ಮನೆ ಬಾಗಿಲಿಗೆ ಹೋಗಿ. ವಾರದಲ್ಲಿ ಒಂದು ದಿನ, ಒಂದು ಹೊತ್ತು ಗೊತ್ತುಮಾಡಿ, ಸಾಧ್ಯವಾದರೆ ಪ್ರತಿ ಸಲವೂ ಅದೇ ಡಾಕ್ಟರು ಸಿಗುವಂತೆ ಒಪ್ಪಿಸಿ. ಕರೆಂಟು ಹೋದರೆ ರೂಟರಿಗೂ ಫೋನಿಗೂ ಸಾಕಾಗುವ ಬ್ಯಾಟರಿ ಇರಲಿ. ಡಾಕ್ಟರು ಬರೆದ ಮಾತ್ರೆ ಊರಲ್ಲಿ ಸಿಗದಿದ್ದರೆ, ಹೇಳಿದ ರಕ್ತ ಪರೀಕ್ಷೆಗೆ ಐವತ್ತು ಕಿಲೋಮೀಟರ್ ಹೋಗಬೇಕಿದ್ದರೆ, ಕರೆಯಿಂದ ಉಳಿದ ಪ್ರಯಾಣ ಅಲ್ಲಿ ವೆಚ್ಚವಾಯಿತು. ಔಷಧ ತರುವುದು, ರಕ್ತದ ಮಾದರಿ ಕಳಿಸುವುದು ಹೇಗೆಂದು ಮೊದಲ ದಿನವೇ ತೀರ್ಮಾನಿಸಿ. ಬಾಗಿಲಿಗೆ ಪರದೆ ಹಾಕುವುದನ್ನೂ ಮರೆಯಬೇಡಿ. ಸಾಲಿನಲ್ಲಿ ಕೂತವರಿಗೆಲ್ಲ ಕೇಳುವ ಹಾಗಿದ್ದರೆ ಹೆಂಗಸರು ತಮ್ಮ ತೊಂದರೆಯನ್ನು ಬಾಯಿಬಿಡುವುದಿಲ್ಲ.

ಹಳ್ಳಿಯ ಡಾಕ್ಟರನ್ನೇ ತಯಾರು ಮಾಡುವ ದಾರಿಯೂ ಇದೆ. ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಯಕೃತ್ತಿನ ತಜ್ಞ ಡಾ. ಸಂಜೀವ್ ಅರೋರಾ 2003ರಲ್ಲಿ ಪ್ರಾಜೆಕ್ಟ್ ಎಕೊ ಆರಂಭಿಸಿದರು. ಹೆಪಟೈಟಿಸ್ ಸಿ ರೋಗಿಗಳು ತಜ್ಞರ ಬಳಿ ಬರುವ ಬದಲು, ಹಳ್ಳಿಗಳ ಮತ್ತು ಜೈಲುಗಳ ವೈದ್ಯ ಸಿಬ್ಬಂದಿ ವಿಡಿಯೊದಲ್ಲಿ ಒಟ್ಟಿಗೆ ಸೇರಿ ತಮ್ಮ ರೋಗಿಗಳ ವಿಷಯ ತಜ್ಞರ ಮುಂದಿಟ್ಟು ಚರ್ಚಿಸುತ್ತಾರೆ, ಚಿಕಿತ್ಸೆಯನ್ನು ತಾವೇ ಕೊಡುತ್ತಾರೆ. 2011ರಲ್ಲಿ ಪ್ರಕಟವಾದ, 407 ರೋಗಿಗಳ ಹೋಲಿಕೆಯಲ್ಲಿ ವಿಶ್ವವಿದ್ಯಾಲಯದಲ್ಲಿ ಗುಣವಾದವರು 57.5%, ಈ ದೂರದ ಕೇಂದ್ರಗಳಲ್ಲಿ 58.2%. ನಿಮ್ಮ ಊರಿನ ಡಾಕ್ಟರು ಇಂಥ ಬಳಗಕ್ಕೆ ಸೇರಿದರೆ, ಕರೆ ಮುಗಿದ ಮೇಲೂ ಆ ತಿಳಿವಳಿಕೆ ಊರಲ್ಲೇ ಉಳಿಯುತ್ತದೆ.

ಮೋಸದ ಬಗ್ಗೆ ಎರಡು ಮಾತು

ಡಾಕ್ಟರ ಹೆಸರು, ನೋಂದಣಿ ಸಂಖ್ಯೆ ಕೇಳಿ, ವೈದ್ಯಕೀಯ ಮಂಡಳಿಯ ಪಟ್ಟಿಯಲ್ಲಿ ನೋಡಿಕೊಳ್ಳಿ. ನಿಜವಾದ ಡಾಕ್ಟರು ಬೇಸರಿಸುವುದಿಲ್ಲ. ಒ.ಟಿ.ಪಿ., ಬ್ಯಾಂಕಿನ ಪಿನ್ ಯಾವ ಡಾಕ್ಟರಿಗೂ ಬೇಡ. ಶುಗರನ್ನು ಬೇರುಸಹಿತ ತೆಗೆಯುತ್ತೇವೆ, ಇನ್ಸುಲಿನ್ ಇವತ್ತೇ ನಿಲ್ಲಿಸಿ ಎಂದವರ ಕರೆಯನ್ನು ಅಲ್ಲೇ ಕಡಿಯಿರಿ. ರಿಪೋರ್ಟುಗಳನ್ನು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಅಭಿಪ್ರಾಯ ಕೇಳುವುದು ಬೇಡ.

ವರ್ಷಕ್ಕೊಮ್ಮೆಯಾದರೂ ಖುದ್ದಾಗಿ

ಎಷ್ಟೇ ಚೆನ್ನಾಗಿ ಕರೆಗಳು ನಡೆಯುತ್ತಿದ್ದರೂ ಕೆಲವು ಪರೀಕ್ಷೆ ಫೋನಿನಲ್ಲಿ ಆಗುವುದಿಲ್ಲ. ಶುಗರ್ ಇದ್ದವರಿಗೆ ಕಣ್ಣಿನ ಒಳಪದರದ ತಪಾಸಣೆ, ಪಾದದ ಸ್ಪರ್ಶಜ್ಞಾನದ ಪರೀಕ್ಷೆ, ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂಬ ಪರೀಕ್ಷೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಮೂರು ತಿಂಗಳ ಶುಗರಿನ ಸರಾಸರಿ ಹೇಳುವ ಎಚ್‌ಬಿಎ1ಸಿ ರಕ್ತ ಪರೀಕ್ಷೆ, ಹತೋಟಿ ಸರಿಯಿದ್ದರೆ ಆರು ತಿಂಗಳಿಗೊಮ್ಮೆ, ಇಲ್ಲದಿದ್ದರೆ ಮೂರಕ್ಕೊಮ್ಮೆ. ಬಿ.ಪಿ. ಇದ್ದವರಿಗೆ ಮೂತ್ರಪಿಂಡದ ರಕ್ತ ಪರೀಕ್ಷೆ. ಇವನ್ನೆಲ್ಲ ಒಂದೇ ಪ್ರಯಾಣದಲ್ಲಿ ಮುಗಿಸುವಂತೆ ಫೋನಿನಲ್ಲೇ ಮೊದಲು ದಿನ ಗೊತ್ತುಮಾಡಿಕೊಳ್ಳಿ. ಬರಿಹೊಟ್ಟೆಯಲ್ಲಿ ಬರಬೇಕೇ ಎಂದು ಕೇಳುವುದನ್ನು ಮರೆತು ಇನ್ನೊಂದು ಸಲ ಅಷ್ಟು ದೂರ ಅಲೆದವರಿದ್ದಾರೆ.

ಹೊರಡುವಾಗ ನೋಟ್‌ಬುಕ್, ನಂಬರು ಹಾಕಿದ ಮಾತ್ರೆಗಳು, ಜೊತೆಗೆ ಮನೆಯ ಬಿ.ಪಿ. ಯಂತ್ರವನ್ನೂ ಚೀಲಕ್ಕೆ ಹಾಕಿಕೊಳ್ಳಿ. ಆಸ್ಪತ್ರೆಯಲ್ಲಿ ಅದೇ ತೋಳಿಗೆ ಮೊದಲು ಅವರ ಯಂತ್ರ, ಆಮೇಲೆ ನಿಮ್ಮದು ಕಟ್ಟಿಸಿ ತಾಳೆ ನೋಡಿಸಿ, ಎರಡೂ ಸಂಖ್ಯೆಯನ್ನು ಆ ದಿನದ ಸಾಲಿನಲ್ಲಿ ಬರೆಸಿಕೊಂಡು ಬನ್ನಿ.